ಕತ್ತರಿ ಒಂದೇ ಇರಲಿ

ಕೇಳುಗರಿಗೆ ನಮಸ್ಕಾರ.

ಜೂನ್ ಬಂತೆಂದರೆ ನಮ್ಮ ವಸತಿ ಶಾಲೆಗಳ ಗೇಟಿನ ಬಳಿ ಟ್ರಂಕು, ಚಾಪೆ, ಬಕೆಟ್ಟುಗಳ ಸಾಲು. ಮೊರಾರ್ಜಿ ದೇಸಾಯಿ ಶಾಲೆಯಿರಲಿ, ಕಿತ್ತೂರು ರಾಣಿ ಚೆನ್ನಮ್ಮ ಶಾಲೆಯಿರಲಿ, ನವೋದಯವಿರಲಿ, ಮಕ್ಕಳು ಸೇರುವುದು ಆರನೆಯ ತರಗತಿಗೆ. ಹತ್ತು ಹನ್ನೊಂದರ ವಯಸ್ಸು. ಪ್ರವೇಶ ಪರೀಕ್ಷೆ ಗೆದ್ದು, ಊರವರಿಂದ ಶಹಭಾಸ್ ಅನ್ನಿಸಿಕೊಂಡು ಬಂದ ಮಕ್ಕಳಿವು. ಅಪ್ಪ ಅಮ್ಮ ವಾಪಸ್ ಬಸ್ಸು ಹತ್ತಿದ ಮೇಲೆ ಆ ಅಂಕಗಳಿಂದ ಏನೂ ಪ್ರಯೋಜನವಿಲ್ಲ. ಪಕ್ಕದ ಹಾಸಿಗೆಯ ಹುಡುಗನ ಹೆಸರೂ ಗೊತ್ತಿಲ್ಲ, ಕೇಳಲು ಸಂಕೋಚ.

ಇದಕ್ಕೆ ನಾವು ದೊಡ್ಡವರು ಕಂಡುಕೊಂಡಿರುವ ಮದ್ದು ಪರಿಚಯದ ಕಾರ್ಯಕ್ರಮ. ಒಬ್ಬೊಬ್ಬರಾಗಿ ಎದ್ದು ನಿಂತು ಹೆಸರು, ಊರು, ತಂದೆಯ ಉದ್ಯೋಗ, ಮುಂದೆ ಏನಾಗಬೇಕೆಂಬ ಆಸೆ, ಇಷ್ಟನ್ನು ಹೇಳಬೇಕು. ಉದ್ದೇಶ ಒಳ್ಳೆಯದೇ. ಆದರೆ ಆ ಮಕ್ಕಳ ಮುಖಗಳನ್ನು ಒಮ್ಮೆ ಗಮನಿಸಿ. ತನ್ನ ಸರದಿ ಬರುವವರೆಗೆ ಮಗು ತನ್ನ ವಾಕ್ಯವನ್ನೇ ಒಳಗೊಳಗೆ ಉರು ಹೊಡೆಯುತ್ತಿರುತ್ತದೆ. ಸರದಿ ಮುಗಿದ ಮೇಲೆ ಎಲ್ಲಿ ತಡವರಿಸಿದೆನೆಂದು ಕೊರಗುತ್ತಿರುತ್ತದೆ. ಇನ್ನೊಬ್ಬರ ಹೆಸರು ಕಿವಿಗೆ ಬೀಳುವುದು ಯಾವಾಗ? ತಂದೆಯ ಉದ್ಯೋಗ ಕೇಳುವುದಂತೂ ನನಗೆ ಸುತರಾಂ ಸರಿಬರುವುದಿಲ್ಲ. ಕೂಲಿಯವರ ಮಗ, ಮೇಷ್ಟರ ಮಗಳು ಎಂದು ಮೊದಲ ದಿನವೇ ಪಂಕ್ತಿ ಬೇರೆ ಮಾಡಿದ ಹಾಗಾಗುತ್ತದೆ.

ಮಕ್ಕಳ ರಂಗಶಿಬಿರಗಳಲ್ಲಿ ಕೆಲಸ ಮಾಡುವ ನನ್ನಂಥವರು ನಂಬುವುದು ಬೇರೊಂದನ್ನು. ಮಾತಿಗಿಂತ ಮೊದಲು ಕೈಗೆ ಕೆಲಸ ಕೊಡಿ. ಅದೂ ಎಂಥ ಕೆಲಸ? ಒಬ್ಬರೇ ಮಾಡಲಾಗದಂಥದ್ದು.

ಮುಖವಾಡವನ್ನೇ ತೆಗೆದುಕೊಳ್ಳಿ. ಬೇಕಾಗುವುದು ಹಳೆಯ ದಿನಪತ್ರಿಕೆ, ಮೈದಾ ಹಿಟ್ಟಿನ ಅಂಟು, ಒಂದು ಬಲೂನು. ಪುಸ್ತಕಕ್ಕೆ ರಟ್ಟು ಕಟ್ಟುವವರು ಅಂಟಿಗೆ ಹುಳ ಬೀಳದಿರಲೆಂದು ಮೈಲುತುತ್ತ ಬೆರೆಸುವುದುಂಟು. ಅದು ವಿಷ, ಮಕ್ಕಳ ಕೈಗೆ ಬೇಡ. ಅಂದಂದಿನ ಅಂಟನ್ನು ಅಂದಂದೇ ಕಾಯಿಸಿಕೊಂಡರಾಯಿತು. ಇಬ್ಬರಿಗೆ ಒಂದು ಬಲೂನು. ಊದಿ, ಗಂಟು ಹಾಕಿ, ಪತ್ರಿಕೆಯ ಚೂರುಗಳನ್ನು ಅಂಟಿನಲ್ಲಿ ಅದ್ದಿ ಸುತ್ತಲೂ ಮೆತ್ತಬೇಕು. ಒಬ್ಬರೇ ಮಾಡಹೊರಟರೆ ಬಲೂನು ನೆಲದ ಮೇಲೆಲ್ಲ ಉರುಳುತ್ತದೆ, ಒದ್ದೆ ಕೈಯಿಂದ ಜಾರುತ್ತದೆ. ಹಾಗಾಗಿ ಒಬ್ಬರು ಹಿಡಿಯಬೇಕು, ಇನ್ನೊಬ್ಬರು ಮೆತ್ತಬೇಕು. ಊಟದ ಮನೆಯಲ್ಲಿ ತುಟಿ ಬಿಚ್ಚದ ಹುಡುಗಿ ಇಲ್ಲಿ, ‘ಗಟ್ಟಿಯಾಗಿ ಹಿಡಿದುಕೊಳ್ಳೇ, ಜಾರುತ್ತಿದೆ’ ಎಂದು ಗದರುತ್ತಾಳೆ. ಆ ಗದರಿಕೆಯನ್ನು ನಾನು ಹತ್ತು ಪರಿಚಯ ಭಾಷಣಗಳಿಗಿಂತ ಮೇಲೆಂದು ಎಣಿಸುತ್ತೇನೆ.

ಹೀಗೆ ಐದಾರು ಪದರ ಮೆತ್ತಬೇಕು, ಒಂದು ಒಣಗಿದ ಮೇಲೆ ಇನ್ನೊಂದು. ಮಲೆನಾಡಿನ ಜೂನ್ ತಿಂಗಳಲ್ಲಿ ಒಣಗುವುದೆಂದರೇನು! ಅಡುಗೆಮನೆಯ ಒಲೆಯ ಬೆಚ್ಚಗಿನ ಮಗ್ಗುಲಲ್ಲಿ ಬಲೂನುಗಳನ್ನು ತೂಗುಹಾಕಿ, ಅಡುಗೆಯವರನ್ನು ಕಾಡಿ ಬೇಡಿ ಒಪ್ಪಿಸಬೇಕು. ಈ ತಡವೂ ಒಳ್ಳೆಯದೇ. ನಿನ್ನೆಯ ಪದರ ಒಣಗಿತೋ ಇಲ್ಲವೋ ಎಂದು ನೋಡಲು ಇಬ್ಬರೂ ಬೆಳಗ್ಗೆ ಎದ್ದ ಕೂಡಲೇ ಓಡುತ್ತಾರೆ. ಕೊನೆಗೆ ಬಲೂನು ಒಡೆದು, ಆ ಗಟ್ಟಿ ಅಂಡವನ್ನು ನಡುವೆ ಉದ್ದಕ್ಕೆ ಕತ್ತರಿಸಿದರೆ ಎರಡು ಮುಖ ಸಿಗುತ್ತವೆ. ಒಬ್ಬರಿಗೊಂದು. ಕಣ್ಣು ಕೊರೆದು, ಮೊದಲು ಬಿಳಿ ಬಳಿದು, ಆಮೇಲೆ ಹುಲಿಯೋ ರಾಕ್ಷಸನೋ ಅವರವರ ಇಷ್ಟ. ಅದನ್ನು ಹಾಕಿಕೊಂಡು ನಾಲ್ಕು ಹೆಜ್ಜೆ ಕುಣಿಯುವಾಗ, ಎಂದೂ ಮುಂದೆ ಬಾರದ ಮಗುವೂ ಮುಂದೆ ಬರುತ್ತದೆ. ಕುಣಿಯುತ್ತಿರುವುದು ತಾನಲ್ಲ, ಹುಲಿ ಎಂಬ ಧೈರ್ಯ ಅದಕ್ಕೆ.

ನಾಲ್ವರಿಗೆ ಒಂದೇ ಕತ್ತರಿ ಕೊಡುವುದನ್ನು ಕಂಡು ಕೆಲವು ಶಿಕ್ಷಕರು, ‘ಇನ್ನಷ್ಟು ತರಿಸೋಣವೇ? ನಮ್ಮಲ್ಲಿ ಅನುದಾನವಿದೆ’ ಎಂದು ಕೇಳುತ್ತಾರೆ. ಬೇಡ. ಕತ್ತರಿ ಒಂದೇ ಇದ್ದರೆ ಮಕ್ಕಳು ಒಬ್ಬರನ್ನೊಬ್ಬರು ಕೇಳಿ ಪಡೆಯಬೇಕು, ಕಾಯಬೇಕು, ಮರಳಿ ಕೊಡಬೇಕು. ಪ್ರತಿಯೊಬ್ಬರಿಗೂ ಒಂದೊಂದು ಸಾಮಾನಿನ ಪೊಟ್ಟಣ ಕೊಟ್ಟುಬಿಟ್ಟರೆ ಮೂಲೆಗೊಬ್ಬರಂತೆ ಕುಳಿತು ಮುಗಿಸಿಬಿಡುತ್ತಾರೆ.

ಇದು ನಮ್ಮ ಶಿಬಿರದವರಿಗೆ ಮಾತ್ರ ಹೊಳೆದ ಉಪಾಯವೇನಲ್ಲ. ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್ ನಗರದಲ್ಲಿ 1971ರಲ್ಲಿ, ಅಲ್ಲಿಯವರೆಗೆ ಬೇರೆ ಬೇರೆ ಶಾಲೆಗಳಲ್ಲಿದ್ದ ಬಿಳಿಯರ, ಕರಿಯರ, ಮೆಕ್ಸಿಕೊ ಮೂಲದವರ ಮಕ್ಕಳು ಒಂದೇ ತರಗತಿಯಲ್ಲಿ ಕೂರುವಂತಾಯಿತು. ಜಗಳ ಶುರುವಾಯಿತು. ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್‌ಸನ್ ಮತ್ತು ಅವರ ವಿದ್ಯಾರ್ಥಿಗಳು ಬುದ್ಧಿವಾದ ಹೇಳಲು ಹೋಗಲಿಲ್ಲ. ಮಕ್ಕಳನ್ನು ಸಣ್ಣ ಗುಂಪು ಮಾಡಿ, ಪಾಠವನ್ನೇ ತುಂಡು ತುಂಡಾಗಿ ಹಂಚಿದರು. ಒಬ್ಬೊಬ್ಬರ ಕೈಯಲ್ಲಿ ಒಂದೊಂದೇ ತುಂಡು. ಇಡೀ ಪಾಠ ತಿಳಿಯಬೇಕಾದರೆ ಉಳಿದವರ ಮಾತಿಗೆ ಕಿವಿಗೊಡಲೇಬೇಕು, ಅವರ ಇಂಗ್ಲಿಷು ತೊದಲಿದರೂ ಕಾಯಲೇಬೇಕು. ಮಕ್ಕಳ ನಡುವಿನ ಅಸಹನೆ ತಗ್ಗಿತು. ಆ ಪದ್ಧತಿ ಇಂದಿಗೂ ಹಲವು ದೇಶಗಳ ತರಗತಿಗಳಲ್ಲಿದೆ.

ನವೋದಯ ಶಾಲೆಗಳಲ್ಲಿ ಇನ್ನೊಂದು ಸಂದರ್ಭ ಬರುತ್ತದೆ. ಒಂಬತ್ತನೆಯ ತರಗತಿಯ ಶೇಕಡಾ 30ರಷ್ಟು ಮಕ್ಕಳನ್ನು ಹಿಂದಿ ಪ್ರದೇಶದ ಮತ್ತು ಹಿಂದಿಯೇತರ ಪ್ರದೇಶದ ಶಾಲೆಗಳ ನಡುವೆ ಒಂದು ವರ್ಷದ ಮಟ್ಟಿಗೆ ಅದಲುಬದಲು ಮಾಡುವ ಯೋಜನೆ ಅಲ್ಲಿದೆ. ಇಲ್ಲಿಯ ಮಕ್ಕಳು ಅಲ್ಲಿಗೆ, ಅಲ್ಲಿಯವರು ಇಲ್ಲಿಗೆ. ಆ ವಯಸ್ಸಿನಲ್ಲಿ ಭಾಷೆ ಬಾರದ ಊರು, ಒಗ್ಗದ ಊಟ. ಅವರನ್ನು ಮೊದಲ ವಾರವೇ ಭಾಷಣ ಸ್ಪರ್ಧೆಗೆ ನಿಲ್ಲಿಸುವುದಕ್ಕಿಂತ ತೊಗಲುಗೊಂಬೆಯ ನೆರಳಾಟಕ್ಕೆ ಪರದೆ ಕಟ್ಟಲು ಕರೆಯುವುದು ಮೇಲು. ದೀಪ ಎಲ್ಲಿಡಬೇಕು, ಗೊಂಬೆ ಎಷ್ಟು ಎತ್ತಬೇಕು ಎಂಬುದನ್ನು ಕೈಸನ್ನೆಯಲ್ಲೇ ಇತ್ಯರ್ಥ ಮಾಡಿಕೊಳ್ಳಬಹುದು. ಅಷ್ಟರಲ್ಲಿ ಕನ್ನಡದ ಒಂದೆರಡು ಬೈಗುಳವನ್ನೂ ಕಲಿತಿರುತ್ತಾರೆ, ಇರಲಿ ಬಿಡಿ.

ಕಾಲೇಜುಗಳ ವಿಷಯಕ್ಕೂ ಬರೋಣ. ಎಂಜಿನಿಯರಿಂಗ್ ಸೇರಿದವರಿಗೆ ಮೂರು ವಾರಗಳ ಪ್ರವೇಶಾರಂಭ ಕಾರ್ಯಕ್ರಮವನ್ನು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ರೂಪಿಸಿದೆ. ಚಿತ್ರಕಲೆ, ಸಂಗೀತ, ನಾಟಕಗಳಿಗೆ ಅದರಲ್ಲಿ ಜಾಗವಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗವೂ 2019ರಲ್ಲಿ ‘ದೀಕ್ಷಾರಂಭ’ ಎಂಬ ಮಾರ್ಗದರ್ಶಿಯನ್ನು ಹೊರತಂದಿತು. ಕಾಗದದ ಮೇಲೆ ಎಲ್ಲವೂ ಸೊಗಸಾಗಿದೆ. ನಾನು ಕಂಡ ಕೆಲವು ಕಡೆ ಮಾತ್ರ ಅದು ಸಭಾಂಗಣದಲ್ಲಿ ಸಾಲಾಗಿ ಕೂರಿಸಿ ಕೊಡುವ ಉಪನ್ಯಾಸಮಾಲೆಯಾಗಿದೆ. ಎದುರಿಗೆ ಗಣ್ಯರು, ಕಣ್ಣಿಗೆ ಕಾಣುವುದು ಮುಂದಿನವನ ಬೆನ್ನು. ಕನ್ನಡ ಮಾಧ್ಯಮದಿಂದ ಬಂದವನು ಇಲ್ಲಿ ಮತ್ತಷ್ಟು ಮುದುಡಿ ಕೂರುತ್ತಾನೆ.

ಇಂಥ ಶಿಬಿರ ಮಾಡುವ ಮನಸ್ಸಿರುವ ವಾರ್ಡನ್‌ಗಳು, ಶಿಕ್ಷಕರು ಕೇಳುತ್ತಿದ್ದರೆ ಒಂದೆರಡು ಮಾತು. ಸಂಜೆ ಐದರಿಂದ ಏಳರ ಹೊತ್ತನ್ನು ಇದಕ್ಕೆಂದು ಮೀಸಲಿಡಿ. ಮನೆಯ ನೆನಪು ಹೆಚ್ಚು ಕಾಡುವುದು ದೀಪ ಹಚ್ಚುವ ಆ ಹೊತ್ತಿನಲ್ಲೇ. ಪೋಷಕರ ಭೇಟಿಯ ಭಾನುವಾರ ರಜೆ ಕೊಡಬೇಡಿ, ಅವರು ಹೊರಟ ಮೇಲಿನ ಸಂಜೆಗೆ ಕೆಲಸ ಇನ್ನೂ ಹೆಚ್ಚು ಬೇಕು. ಜೋಡಿಗಳನ್ನು ಒಂದೇ ಊರಿನವರಿಂದ ಮಾಡಬೇಡಿ, ಚೀಟಿ ಎತ್ತಿ. ಬಹುಮಾನ ಇಡಲೇಬೇಡಿ. ಪ್ರಥಮ, ದ್ವಿತೀಯ ಎಂದು ಘೋಷಿಸಿದ ಕ್ಷಣವೇ ಬಲೂನು ಹಿಡಿದ ಕೈ ಹೆಚ್ಚೋ, ಮೆತ್ತಿದ ಕೈ ಹೆಚ್ಚೋ ಎಂಬ ತಕರಾರು ಏಳುತ್ತದೆ. ಸೇರಲು ಒಲ್ಲೆನೆನ್ನುವ ಮಗುವನ್ನು ಎಳೆದು ತರಬೇಡಿ. ಅಂಟು ಕಲಸುವುದಕ್ಕೋ, ಪತ್ರಿಕೆ ಹರಿಯುವುದಕ್ಕೋ ಅದನ್ನು ಹಚ್ಚಿದರೆ ಸಾಕು. ಪತ್ರಿಕೆ ಹರಿಯಲು ಒಲ್ಲೆನೆಂದ ಮಗುವನ್ನು ನಾನಂತೂ ಇದುವರೆಗೆ ಕಂಡಿಲ್ಲ.

ನಮಸ್ಕಾರ.