ತಾಳ್ಮೆ ಅಲ್ಲ ರೀ, ರೊಟ್ಟಿ!

ನಮಸ್ಕಾರ ರೀ. ಹೋದ ವಾರದ ವಿಡಿಯೋಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ, ಓದುತ್ತೇನೆ ಕೇಳಿ. "ಮೊದ್ಲಿನ ಹೆಣ್ಮಕ್ಳು ತಾಳ್ಕೊಂಡು ಬಾಳೇವು ಮಾಡ್ತಿದ್ರು. ಈಗಿನವ್ರಿಗೆ ತಾಳ್ಮೀನ ಇಲ್ಲ, ಅದಕ್ಕ ಡಿವೋರ್ಸ್ ಜಾಸ್ತಿ." ಇದಕ್ಕೆ ಇನ್ನೂರು ಲೈಕ್! ನನ್ನ ವಿಡಿಯೋಗೇ ಅಷ್ಟು ಬಂದಿಲ್ಲ.

ತಾಳ್ಮೆ ಅಲ್ಲ ಅಣ್ಣಾ, ರೊಟ್ಟಿ. ನಮ್ಮ ಕಡೆ ಗಂಡ ಹೆಂಡತಿ ಜಗಳ ಹುಟ್ಟುವುದು ರಾತ್ರಿ ಎಂಟಕ್ಕೆ, ಹಂಚಿನ ಮುಂದೆ.

ಮೊನ್ನೆ ಸಂಜೆ ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಬರುತ್ತಿದ್ದೆ. ಮುಂದಿನ ಸೀಟಿನಲ್ಲಿ ಒಬ್ಬ ಅಕ್ಕ, ಕೊರಳಲ್ಲಿ ಇನ್ನೂ ಆಫೀಸಿನ ಐಡಿ ಕಾರ್ಡು. ನವನಗರದ ಹತ್ತಿರ ಫೋನ್ ಬಂತು. "ಬರಾಕತ್ತೀನ್ರಿ. ನೀವು ಬರೇ ಎಸರಿಡ್ರಿ ಸಾಕು, ನಾ ಬಂದು ಬಡೀತೀನಿ." ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ದನಿ ಇಳಿಸಿ, "ಎಸರು ಅಂದ್ರ ನೀರ್ರೀ. ನೀರು ಕಾಸೂದು."

ಹೇಳಿ ಈಗ, ಇಲ್ಲಿ ತಾಳ್ಮೆ ಯಾರಿಗಿಲ್ಲ?

ಸುಮ್ನೆ ಬಾಯಿಗೆ ಬಂದದ್ದು ಹೇಳುತ್ತಾನೆ ಅನ್ನಬೇಡಿ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಇದೆ. ತಮ್ಮ ಮನೆಯ ಕೆಲಸ ಸಂಬಳವಿಲ್ಲದೆ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ ಅದಕ್ಕೇ ಕೊಡುತ್ತಾರೆ. ಮಾಡುವ ಗಂಡಸರು 88 ನಿಮಿಷ. 'ಮಾಡುವ' ಗಂಡಸರು, ಗಮನಿಸಿ. ಮಾಡದವರು ಈ ಲೆಕ್ಕದಲ್ಲೇ ಇಲ್ಲ, ನನ್ನ ಕಾಮೆಂಟ್ ಬಾಕ್ಸಿನಲ್ಲಿದ್ದಾರೆ.

ನಾನೂ ಒಂದಿನ ರೊಟ್ಟಿ ಬಡಿಯಲು ಕೂತೆ. ಬಿಸಿ ಹಿಟ್ಟು ನಾದಿ ಅಂಗೈ ಕೆಂಪಾಯ್ತು. ಮೊದಲನೆಯದು ಎತ್ತುವುದರೊಳಗೆ ಎರಡು ಹೋಳು. ಎರಡನೆಯದಕ್ಕೆ ಒದ್ದೆ ಅರಿವೆಯಿಂದ ನೀರು ಸವರಲು ಮರೆತೆ, ಸೀಳು ಬಿಟ್ಟಿತು. ಮೂರನೆಯದನ್ನು ನಾಯಿಗೆ ಹಾಕಿದೆ. ಮೂಸಿ ನೋಡಿ ಗೇಟಿನ ಕಡೆ ಹೋಯ್ತು. ಆ ವಿಡಿಯೋ ಚಾನೆಲ್‌ನಲ್ಲಿದೆ, ನೋಡಿ, ಹಾಗೇ ಸಬ್‌ಸ್ಕ್ರೈಬ್ ಆಗಿ.

"ಕೂಡು ಕುಟುಂಬ ಒಡೆದದ್ದಕ್ಕೇ ಹಿಂಗಾಯ್ತು" ಅಂತ ಒಬ್ಬ ಕಾಕಾ. ಹೌದು ಕಾಕಾ, ಒಡೆಯಿತು. ಆಗ ಒಲೆ ಮುಂದೆ ಅತ್ತೆ, ಇಬ್ಬರು ನೆಗೆಣ್ಣಿಯರು, ನಾಲ್ಕು ಜೋಡಿ ಕೈ. ಈಗ ಒಂದೇ ಜೋಡಿ, ಅದೂ ಆಫೀಸಿನಿಂದ ಬಂದದ್ದು. ಮನೆ ಎರಡು ರೂಮಿನದಾಯ್ತು, ದುಡಿಯುವವರು ಇಬ್ಬರಾದರು. ಬಿಸಿ ರೊಟ್ಟಿನೇ ಬೇಕು ಅನ್ನುವ ಬಾಯಿ ಮಾತ್ರ ಹಂಗೇ ಉಳೀತು.

ಇನ್ನು "ಮೊದಲು ಡಿವೋರ್ಸ್ ಇರಲಿಲ್ಲ" ಅನ್ನುವವರಿಗೆ. ಹಿಂದೂ ವಿವಾಹ ಕಾಯ್ದೆ ಬಂದದ್ದೇ 1955ರಲ್ಲಿ. ಇಬ್ಬರೂ ಒಪ್ಪಿ ಬೇರೆಯಾಗುವ 13ಬಿ ಕಲಮು ಸೇರಿದ್ದು 1976ರಲ್ಲಿ. ಬಾಗಿಲೇ ಇಡದೆ, ಯಾರೂ ಹೊರಗೆ ಬರಲಿಲ್ಲ ನೋಡ್ರಿ ಅಂತ ಹೆಮ್ಮೆ ಬೇರೆ! ನಮ್ಮವ್ವ ನಲವತ್ತು ವರ್ಷ ರೊಟ್ಟಿ ಬಡಿದಳು. ಖುಷಿಯಾಗಿದ್ದೀಯೇನವ್ವಾ ಅಂತ ಕೇಳಿದೆ. "ಅದನ್ನ ಕೇಳಾಕ ಈಗ ಪುರಸೊತ್ತಾತೇನು?" ಅಂದಳು.

ಅಂಗಡಿ ರೊಟ್ಟಿ ತರ್ರಿ ಅಂದರೆ, "ಅದರಾಗ ಪ್ರೀತಿ ಇರೂದಿಲ್ಲ." ಅಯ್ಯೋ ಮಾರಾಯ, ಪ್ರೀತಿ ಬೇಕಾದರೆ ನೀನೇ ಬಡಿ! ಧಾರವಾಡ ಪೇಢೆ ಯಾರದೋ ಕೈಯಿಂದ ತಿನ್ನುವಾಗ ಪ್ರೀತಿ ಹುಡುಕುತ್ತೀಯಾ?

ಮೊಬೈಲ್ ಕಾರಣ ಅಂತೆ. ಅಲ್ಲ, ರೊಟ್ಟಿ. ಸೀರಿಯಲ್ ಕಾರಣ ಅಂತೆ. ರೊಟ್ಟಿ! ಜಾತಕ ಕೂಡಿಲ್ಲ ಅಂತೆ. ರೊಟ್ಟಿ ರೀ, ರೊಟ್ಟಿ! ಇನ್ನೂ ಹತ್ತು ಕಾರಣ ಬರೆದುಕೊಂಡಿದ್ದೆ, ಚೀಟಿ ಎಲ್ಲಿಟ್ಟೆನೋ...

ಹಾಂ? ಒಳಗಿಂದ ಕರೆಯುತ್ತಿದ್ದಾರೆ. "ಎಸರು ಕುದಿಯಾಕತ್ತೈತಿ, ಬರ್ತೀರೋ, ನಾನ ಬಡೀಲೋ?"

ಎರಡೇ ನಿಮಿಷ, ಬಂದೆ!

ಏನು ಹೇಳುತ್ತಿದ್ದೆ? ಹಾಂ, ರೊಟ್ಟಿ.