ಮೆಟ್ಟಿಲ ಕೆಳಗಿನ ಗೂಡಿಗೆ ಬಂದ ಕಾಗದ

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟ ವಿಷಯ 'ಕಲೆ ಮತ್ತು ಕಲಾವಿದ'. ಇಷ್ಟು ಅಗಲದ ವಿಷಯವನ್ನು ಎಲ್ಲಿ ಹಿಡಿದರೂ ಜಾರುತ್ತದೆ. ಹಾಗಾಗಿ ಅದನ್ನು ಒಬ್ಬ ಲೇಖಕಿಗೆ, ಒಂದು ರಟ್ಟಿನ ಪೆಟ್ಟಿಗೆಗೆ ಇಳಿಸಿಕೊಂಡು ಬಂದಿದ್ದೇನೆ.

ಪೆಟ್ಟಿಗೆ ನನ್ನ ತಂಗಿಯ ಮಗಳದು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಹೋದ ವರ್ಷ ಮನೆ ಬದಲಾಯಿಸಿದಳು. ಹೊಸ ಮನೆಯ ಬಾಡಿಗೆ ಹಂಚಿಕೊಳ್ಳಲು ಬರುವವಳು ಅವಳ ಕಾಲೇಜಿನ ಗೆಳತಿ, ಟ್ರಾನ್ಸ್ ಮಹಿಳೆ, ಅಂದರೆ ಹುಟ್ಟಿದಾಗ ಗಂಡೆಂದು ಗುರುತಿಸಿದ್ದರೂ ಹೆಣ್ಣಾಗಿ ಬದುಕುವವಳು. ಸಾಮಾನು ಕಟ್ಟುವ ಹೊತ್ತಿನಲ್ಲಿ, ರಾತ್ರಿ ಹತ್ತೂವರೆಗೆ ಫೋನು: "ದೊಡ್ಡಮ್ಮ, ಹ್ಯಾರಿ ಪಾಟರ್ ಏಳೂ ಸಂಪುಟ ನನ್ನ ಹತ್ತಿರ ಇವೆ. ಹಾಲ್‌ನ ಕಪಾಟಿನಲ್ಲಿ ಇಡಲೇ, ಮಂಚದ ಕೆಳಗೆ ತಳ್ಳಲೇ?"

ಆ ಪುಸ್ತಕಗಳನ್ನು ಬರೆದ ಜೆ.ಕೆ. ರೌಲಿಂಗ್ ಟ್ರಾನ್ಸ್ ಮಹಿಳೆಯರನ್ನು ಮಹಿಳೆಯರೆಂದು ಒಪ್ಪದವರು. ಪ್ರಶ್ನೆ ಹುಟ್ಟಿದ್ದು ಅಲ್ಲಿಂದ. ಮೂವತ್ತು ವರ್ಷ ಸಾಹಿತ್ಯ ಪಾಠ ಹೇಳಿದವಳು ನಾನು. ಉತ್ತರ ತಟ್ಟನೆ ಬರಬೇಕಿತ್ತು. "ಮಂಚದ ಕೆಳಗೆ ಇಟ್ಟರೆ ಗೆದ್ದಲು ಹಿಡಿಯುತ್ತದೆ" ಎಂದು ಹೇಳಿ ಫೋನು ಇಟ್ಟೆ.

ನದಿಮೂಲ, ಋಷಿಮೂಲ ಹುಡುಕಬಾರದು ಎನ್ನುತ್ತಾರೆ. ತರಗತಿಯಲ್ಲಿ ಈ ಗಾದೆಯನ್ನು ಬೇಕಾದಷ್ಟು ಸಲ ಬಳಸಿದ್ದೇನೆ. ಕವಿ ಕುಡುಕನಾಗಿದ್ದನೇ, ಹೆಂಡತಿಯನ್ನು ಹೊಡೆಯುತ್ತಿದ್ದನೇ, ಸಾಲ ತೀರಿಸದೆ ಸತ್ತನೇ, ನಮಗೇಕೆ, ಪದ್ಯ ಓದೋಣ ಎಂದು. ಈಗ ನೆನೆದರೆ ಎರಡನೆಯ ಪ್ರಶ್ನೆಯನ್ನು ಅಷ್ಟು ಹಗುರವಾಗಿ ದಾಟಿದ್ದಕ್ಕೆ ನಾಚಿಕೆಯಾಗುತ್ತದೆ. ಎದುರಿನ ಬೆಂಚಿನ ಹುಡುಗಿಯರಲ್ಲಿ ಎಷ್ಟು ಮಂದಿ ಅದನ್ನೇ ಮನೆಯಲ್ಲಿ ನೋಡಿ ಬಂದಿದ್ದರೋ. 'ಬೇರ್ಪಡಿಸಿ ನೋಡಿ' ಎಂಬ ಮಾತು ಪೆಟ್ಟು ಬೀಳದವರ ಬಾಯಲ್ಲಿ ಬಹಳ ಸರಾಗವಾಗಿ ಬರುತ್ತದೆ.

ಅದೂ ಅಲ್ಲದೆ ಗಾದೆ ಮೂಲದ ಮಾತಾಡುತ್ತದೆ, ಎಂದೋ ಆಗಿಹೋದದ್ದರ ಮಾತು. ಮೇಲಿನ ಊರಿನ ಕಾರ್ಖಾನೆ ಇವತ್ತು ಬೆಳಿಗ್ಗೆಯೂ ಹೊಳೆಗೆ ಕೊಳೆನೀರು ಬಿಟ್ಟಿದ್ದರೆ ಕೆಳಗಿನ ಊರಿನವರು ಗಾದೆ ಹೇಳಿಕೊಂಡು ಕೂರುತ್ತಾರೆಯೇ?

ಸತ್ತವರ ವಿಷಯದಲ್ಲೂ ಇದು ಸುಲಭವಿಲ್ಲ ಎನ್ನುವುದಕ್ಕೆ ಜರ್ಮನಿಯ ಸಂಗೀತಗಾರ ವಾಗ್ನರ್ ಇದ್ದಾನೆ. ಯಹೂದಿಗಳ ವಿರುದ್ಧ ವಿಷ ಕಾರಿ ಬರೆದವನು. ತೀರಿಕೊಂಡದ್ದು 1883ರಲ್ಲಿ. 2001ರ ಜುಲೈನಲ್ಲಿ ಜೆರುಸಲೇಮಿನ ಸಂಗೀತ ಕಛೇರಿಯೊಂದರ ಕೊನೆಗೆ ವಾದ್ಯವೃಂದದ ನಿರ್ದೇಶಕ ಡೇನಿಯಲ್ ಬಾರೆನ್‌ಬೊಯಿಮ್ ಅವನ ಕೃತಿ ನುಡಿಸಲೇ ಎಂದು ಸಭೆಯನ್ನು ಕೇಳಿದರು. ಅರ್ಧ ಗಂಟೆ ಅಲ್ಲೇ ವಾಗ್ವಾದ ನಡೆಯಿತು. ಕೆಲವರು ಬಾಗಿಲು ಬಡಿದು ಹೊರನಡೆದರು, ಉಳಿದವರು ಕೂತು ಕೇಳಿದರು. ನನಗೆ ಇದರಲ್ಲಿ ಹಿಡಿಸುವುದು ಆ ಅರ್ಧ ಗಂಟೆ. ನೋವಿದ್ದವರನ್ನು ಮೊದಲು ಕೇಳಿದರು. ವಾಗ್ನರನಿಗಂತೂ ಆ ರಾತ್ರಿಯಿಂದ ಬಿಡಿಗಾಸೂ ಸಿಗುವಂತಿರಲಿಲ್ಲ.

ಜೆ.ಕೆ. ರೌಲಿಂಗ್ ವಿಷಯ ಹಾಗಲ್ಲ. ಅವರು ಬದುಕಿದ್ದಾರೆ, ಬರೆಯುತ್ತಿದ್ದಾರೆ, ಹಣ ಎಣಿಸುತ್ತಿದ್ದಾರೆ, ಆ ಹಣವನ್ನು ಎಲ್ಲಿ ಹಾಕುತ್ತಿದ್ದೇನೆ ಎಂದು ಬಹಿರಂಗವಾಗಿ ಹೇಳುತ್ತಿದ್ದಾರೆ.

ನಡೆದದ್ದನ್ನು ಚುಟುಕಾಗಿ ಹೇಳುತ್ತೇನೆ. 2019ರ ಡಿಸೆಂಬರಿನಲ್ಲಿ ಮಾಯಾ ಫೋರ್‌ಸ್ಟೇಟರ್ ಎಂಬ ಸಂಶೋಧಕಿಯ ಪರವಾಗಿ ರೌಲಿಂಗ್ ಟ್ವೀಟ್ ಮಾಡಿದರು. ಹುಟ್ಟಿನ ಲಿಂಗವನ್ನು ಬದಲಾಯಿಸಲಾಗದು ಎಂಬ ತಮ್ಮ ಮಾತಿನಿಂದಾಗಿ ಕೆಲಸ ಹೋಯಿತು ಎಂದು ದೂರಿದ್ದವರು ಆಕೆ. ಮೊದಲ ಹಂತದಲ್ಲಿ ಸೋತರು, 2021ರ ಮೇಲ್ಮನವಿಯಲ್ಲಿ ಅಂಥ ನಂಬಿಕೆಗೂ ಕಾನೂನಿನ ರಕ್ಷಣೆ ಉಂಟು ಎಂಬ ತೀರ್ಪು ಬಂತು. 2020ರ ಜೂನಿನಲ್ಲಿ 'ಹೆಂಗಸರು' ಎನ್ನದೆ 'ಮುಟ್ಟಾಗುವ ವ್ಯಕ್ತಿಗಳು' ಎಂದಿದ್ದ ಲೇಖನವೊಂದರ ಶೀರ್ಷಿಕೆಯನ್ನು ರೌಲಿಂಗ್ ಗೇಲಿ ಮಾಡಿದರು. ನಾಲ್ಕು ದಿನಗಳ ನಂತರ ತಮ್ಮ ಜಾಲತಾಣದಲ್ಲಿ ಉದ್ದನೆಯ ಪ್ರಬಂಧ ಪ್ರಕಟಿಸಿದರು. ಮೊದಲ ಮದುವೆಯಲ್ಲಿ ತಾವು ಅನುಭವಿಸಿದ ಹಿಂಸೆ, ಬೇರೆಯಾಗಿ ತಮ್ಮ ಮೇಲೆ ನಡೆದ ಲೈಂಗಿಕ ದೌರ್ಜನ್ಯ ಎರಡನ್ನೂ ಅದರಲ್ಲಿ ಹೇಳಿಕೊಂಡಿದ್ದಾರೆ. ತಮಗೆ ಟ್ರಾನ್ಸ್ ಜನರ ಮೇಲೆ ದ್ವೇಷವಿಲ್ಲ, ಹೆಂಗಸರಿಗೆ ಮೀಸಲಾದ ಜಾಗಗಳ ಸುರಕ್ಷತೆಯ ಚಿಂತೆ ಎಂದಿದ್ದಾರೆ.

ಆ ಪ್ರಬಂಧವನ್ನು ನಾನು ಎರಡು ಸಲ ಓದಿದ್ದೇನೆ. ಗಾಯ ನಿಜ, ಅನುಮಾನವಿಲ್ಲ. ಆದರೆ ಹೊಡೆದವನು ಒಬ್ಬ ಗಂಡ, ಬೇಲಿ ಎದ್ದದ್ದು ಟ್ರಾನ್ಸ್ ಮಹಿಳೆಯರ ಸುತ್ತ. ಅಷ್ಟು ಚೆನ್ನಾಗಿ ಕಥೆ ಹೆಣೆಯಬಲ್ಲವರಿಗೆ ಈ ಹೆಣಿಗೆಯ ತಪ್ಪು ಕಾಣದೆ ಹೋಯಿತಲ್ಲ ಎಂಬುದು ನನ್ನ ಬೇಸರ.

ಆಮೇಲಿನದಕ್ಕೆ ಚಿಂತೆ ಎಂಬ ಹೆಸರು ಸಾಲದು. 2024ರ ಏಪ್ರಿಲ್ 1ರಂದು ಸ್ಕಾಟ್ಲೆಂಡಿನಲ್ಲಿ ದ್ವೇಷಾಪರಾಧದ ಹೊಸ ಕಾನೂನು ಜಾರಿಗೆ ಬಂತು. ಅಂದು ರೌಲಿಂಗ್ ಕೆಲವು ಟ್ರಾನ್ಸ್ ಮಹಿಳೆಯರ ಹೆಸರು ಹಿಡಿದು ಇವರೆಲ್ಲ ಗಂಡಸರು ಎಂದು ಬರೆದು, ತಪ್ಪಾದರೆ ನನ್ನನ್ನು ಬಂಧಿಸಿ ಎಂದರು. ಅಪರಾಧವೇನೂ ಆಗಿಲ್ಲ ಎಂದರು ಪೊಲೀಸರು. ಅದು ಕಾನೂನಿನ ಮಾತು, ಇರಲಿ. ನಾನು ನೋಡಿದ್ದು ಪಟ್ಟಿಯನ್ನು. ಅತ್ಯಾಚಾರದ ಅಪರಾಧ ಸಾಬೀತಾದವರೂ, ಯಾವ ಅಪರಾಧವನ್ನೂ ಮಾಡದೆ ತಮ್ಮ ಪಾಡಿಗೆ ವೃತ್ತಿ ಮಾಡಿಕೊಂಡಿದ್ದವರೂ ಒಂದೇ ಸಾಲಿನಲ್ಲಿ. ಒಂದು ಇಡೀ ಸಮುದಾಯವನ್ನು ಕಳಂಕಿತವಾಗಿಸುವ ಈ ವಿದ್ಯೆಯನ್ನು ಜಾತಿಯ ಊರುಗಳಲ್ಲಿ ಬೆಳೆದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅದೇ ವರ್ಷ 'ಫಾರ್ ವಿಮೆನ್ ಸ್ಕಾಟ್ಲೆಂಡ್' ಎಂಬ ಸಂಘಟನೆಯ ಮೊಕದ್ದಮೆಗೆ ಅವರು 70,000 ಪೌಂಡ್ ಕೊಟ್ಟರು. 2025ರ ಏಪ್ರಿಲ್ 16ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟು, 2010ರ ಸಮಾನತೆಯ ಕಾಯ್ದೆಯಲ್ಲಿ 'ಮಹಿಳೆ' ಎಂದರೆ ಜೈವಿಕ ಲಿಂಗದಿಂದ ಮಹಿಳೆ ಎಂದು ತೀರ್ಮಾನಿಸಿತು. ಟ್ರಾನ್ಸ್ ಜನರಿಗೆ ತಾರತಮ್ಯದ ವಿರುದ್ಧ ಬೇರೆ ರಕ್ಷಣೆ ಉಳಿದಿದೆ ಎಂದೂ ಹೇಳಿತು. ತೀರ್ಪಿನ ದಿನ ರೌಲಿಂಗ್ ಹಾಕಿದ ಚಿತ್ರ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು: ನೀಲಿ ಸಮುದ್ರ, ಕೈಯಲ್ಲಿ ಸಿಗಾರ್, ಇನ್ನೊಂದರಲ್ಲಿ ಪಾನೀಯ, ಹಾಕಿದ ಯೋಜನೆ ಕೈಗೂಡಿದರೆ ಎಷ್ಟು ಖುಷಿ ಎಂಬರ್ಥದ ಒಂದು ಸಾಲು. ಹದಿನೈದು ದಿನ ಕಳೆಯುವಷ್ಟರಲ್ಲಿ ಇಂಗ್ಲೆಂಡಿನ ಫುಟ್ಬಾಲ್ ಸಂಸ್ಥೆ ಮಹಿಳೆಯರ ಪಂದ್ಯಗಳಿಂದ ಟ್ರಾನ್ಸ್ ಮಹಿಳೆಯರನ್ನು ಕೈಬಿಡುವುದಾಗಿ ಘೋಷಿಸಿತು. ಅಲ್ಲಿ ಹವ್ಯಾಸಿ ಆಟಕ್ಕೆ ಹೆಸರು ನೋಂದಾಯಿಸಿದ್ದ ಟ್ರಾನ್ಸ್ ಮಹಿಳೆಯರು ಒಟ್ಟು 28. ಭಾನುವಾರ ಬೆಳಿಗ್ಗೆ ಕೆಸರಿನ ಮೈದಾನದಲ್ಲಿ ಚೆಂಡು ಒದೆಯುತ್ತಿದ್ದ 28 ಜನ. ಆ ವರ್ಷದ ಮೇ ತಿಂಗಳಲ್ಲಿ ಇಂಥ ಮೊಕದ್ದಮೆಗಳಿಗೆ ಹಣ ಒದಗಿಸಲೆಂದೇ ರೌಲಿಂಗ್ ತಮ್ಮ ಸ್ವಂತ ಸಂಪತ್ತಿನಿಂದ ಒಂದು ನಿಧಿ ಘೋಷಿಸಿದರು.

ಕಲೆ ಬೇರೆ, ಕಲಾವಿದೆ ಬೇರೆ ಎಂದು ನಾವು ಎಷ್ಟೇ ಗೆರೆ ಎಳೆದರೂ, ಕಲೆಯ ಹಣವನ್ನು ಕಲಾವಿದೆಯೇ ಗೆರೆಯಾಚೆ ಸಾಗಿಸುತ್ತಿದ್ದಾರೆ. ಸಿದ್ಧಾಂತದವರು ಇಲ್ಲಿ ಫ್ರೆಂಚ್ ವಿಮರ್ಶಕ ರೊಲಾಂ ಬಾರ್ತ್‌ನನ್ನು ಕರೆತರುತ್ತಾರೆ. ಲೇಖಕ ಸತ್ತ, ಓದುಗ ಹುಟ್ಟಿದ ಎಂದು 1967ರಲ್ಲಿ ಸಾರಿದವನು. ನನಗೆ ಪ್ರಿಯವಾದ ಮಾತೇ. ಆದರೆ ರೌಲಿಂಗ್ ಸಾಯಲು ಒಪ್ಪುವುದಿಲ್ಲವಲ್ಲ! 2007ರ ಜುಲೈನಲ್ಲಿ ಏಳನೆಯ ಸಂಪುಟ ಬಂದು ಕಥೆ ಮುಗಿಯಿತು. ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಸಭಾಂಗಣದಲ್ಲಿ ನಿಂತು, ಕಥೆಯ ಶಾಲೆಯ ಮುಖ್ಯೋಪಾಧ್ಯಾಯ ಡಂಬಲ್‌ಡೋರ್ ಸಲಿಂಗಿ ಎಂದು ಹೇಳಿದರು. ಪುಸ್ತಕದಲ್ಲಿ ಆ ಮಾತು ಎಲ್ಲೂ ಬಿಡಿಸಿ ಬಂದಿಲ್ಲ. ಸಭೆ ಚಪ್ಪಾಳೆ ತಟ್ಟಿತು, ಅಂದು ತಟ್ಟಿದವರಲ್ಲಿ ಬಹಳ ಮಂದಿ ಇಂದು ಕೈಕೈ ಹಿಸುಕಿಕೊಳ್ಳುತ್ತಿರಬಹುದು. ಮಾರಿದ ಮನೆಗೆ ದಿನಾ ಬಂದು ಪೀಠೋಪಕರಣ ಸರಿಸುವ ಹಳೆಯ ಯಜಮಾನಿಯಂತೆ ಅವರು.

ಇಷ್ಟು ಹೇಳಿದ ಮೇಲೆ ಪುಸ್ತಕವನ್ನೇ ತೆರೆಯಬೇಕು. ಟ್ರಾನ್ಸ್ ಓದುಗರು ಇಷ್ಟೊಂದು ನೊಂದುಕೊಂಡದ್ದು ಅದು ಅವರಿಗೆ ಅಷ್ಟು ಹತ್ತಿರವಾಗಿದ್ದಕ್ಕೆ.

ಮೊದಲ ಸಂಪುಟದ ಹುಡುಗ ಹ್ಯಾರಿ ದೊಡ್ಡಮ್ಮ ದೊಡ್ಡಪ್ಪನ ಮನೆಯಲ್ಲಿ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮಲಗುತ್ತಾನೆ. ಅವನು ಹುಟ್ಟಾ ಮಾಂತ್ರಿಕ ಎಂಬುದು ಆ ಮನೆಯವರಿಗೆ ಗೊತ್ತು, ಅದನ್ನು ತುಳಿದು ಅಳಿಸಿಬಿಡಬೇಕು ಎಂದು ಶಪಥ ಮಾಡಿದ್ದಾರೆ. ಒಂದು ದಿನ ಮಾಂತ್ರಿಕರ ಶಾಲೆಯಿಂದ ಕಾಗದ ಬರುತ್ತದೆ. ಹಸಿರು ಶಾಯಿ. ಮೇಲೆ ಅವನ ಹೆಸರು, ಕೆಳಗೆ 'ಮೆಟ್ಟಿಲ ಕೆಳಗಿನ ಗೂಡು' ಎಂಬ ವಿಳಾಸ. ದೊಡ್ಡಪ್ಪ ಕಿತ್ತುಕೊಳ್ಳುತ್ತಾನೆ. ಹುಡುಗನನ್ನು ಮೇಲಿನ ಕೋಣೆಗೆ ಕಳಿಸಿದರೆ ಮರುದಿನದ ಕಾಗದದಲ್ಲಿ 'ಅತಿ ಚಿಕ್ಕ ಮಲಗುವ ಕೋಣೆ' ಎಂದಿರುತ್ತದೆ. ಸಮುದ್ರದ ನಡುವಿನ ಬಂಡೆಯ ಗುಡಿಸಲಿಗೆ ಓಡಿದರೆ 'ಗುಡಿಸಲ ನೆಲ' ಎಂದು. ಮನೆಯವರು ಎಲ್ಲಿ ಬಚ್ಚಿಟ್ಟರೂ, ನೀನು ಯಾರೆಂದು ಬಲ್ಲವರು ಹೊರಗೆಲ್ಲೋ ಇದ್ದಾರೆ, ನಿನ್ನ ಹೆಸರು ಹಿಡಿದು ಬರೆಯುತ್ತಿದ್ದಾರೆ. ಮನೆಯಲ್ಲಿ ಇಟ್ಟ ಹೆಸರಿನಲ್ಲಿ ಉಸಿರುಗಟ್ಟಿದ ಹನ್ನೆರಡರ ಮಗುವೊಂದು ಈ ಪುಟಗಳನ್ನು ಓದುವುದನ್ನು ಊಹಿಸಿ. ಬರೆದವರಿಗೆ ಆ ಮಗು ಕಣ್ಣ ಮುಂದೆ ಇತ್ತೋ ಇಲ್ಲವೋ, ಕಾಗದವಂತೂ ಮುಟ್ಟಿದೆ. ಮುಟ್ಟಿದ ಕಾಗದವನ್ನು ಈಗ ಹಿಂದಕ್ಕೆ ಪಡೆಯಲು ಬರುವುದಿಲ್ಲ.

ಆದರೆ ಐದನೆಯ ಸಂಪುಟದಲ್ಲಿ ಒಂದು ಮೆಟ್ಟಿಲಿದೆ. ಹುಡುಗಿಯರ ಮಲಗುವ ಕೋಣೆಗೆ ಹೋಗುವ ಮೆಟ್ಟಿಲು. ಹುಡುಗರು ಹತ್ತಿದರೆ ಅದು ಜಾರುಬಂಡೆಯಾಗಿ ಕೆಳಗೆ ಉರುಳಿಸುತ್ತದೆ. ಹುಡುಗಿಯರಾದರೆ ಹುಡುಗರ ಕೋಣೆಗೆ ಹೋಗಬಹುದು. ಶಾಲೆ ಕಟ್ಟಿದವರಿಗೆ ಹುಡುಗರ ಮೇಲೆ ನಂಬಿಕೆ ಕಡಿಮೆಯಿತ್ತು ಎಂದು ಹ್ಯಾರಿಯ ಗೆಳತಿ ಹರ್ಮಾಯನಿ ವಿವರಿಸುತ್ತಾಳೆ. ಮೊದಲು ಓದಿದಾಗ ನಕ್ಕಿದ್ದೆ. ಈಗ ಓದಿದರೆ ಬೇರೊಂದು ಪ್ರಶ್ನೆ ಎದ್ದು ನಿಲ್ಲುತ್ತದೆ: ಹತ್ತುತ್ತಿರುವವರು ಯಾರು ಎಂದು ಮೆಟ್ಟಿಲಿಗೆ ಹೇಗೆ ತಿಳಿಯುತ್ತದೆ? ಅಭಿಮಾನಿಗಳು ತಾವೇ ಕಟ್ಟಿಕೊಂಡ ಕಥೆಗಳಲ್ಲಿ ಇದಕ್ಕೆ ಉತ್ತರ ಬರೆದಿದ್ದಾರೆ. ಎಲ್ಲರೂ ಹುಡುಗ ಎಂದು ತಿಳಿದಿದ್ದ ಮಗು ಹೆದರುತ್ತ ಪಾದ ಇಡುತ್ತದೆ, ಮೆಟ್ಟಿಲು ಮೆಟ್ಟಿಲಾಗಿಯೇ ಉಳಿಯುತ್ತದೆ. ಲೇಖಕಿಯ ಅಪ್ಪಣೆ ಯಾರೂ ಕೇಳಿಲ್ಲ.

ಸಿನಿಮಾದಲ್ಲಿ ಹ್ಯಾರಿಯಾಗಿದ್ದ ಡೇನಿಯಲ್ ರ‍್ಯಾಡ್‌ಕ್ಲಿಫ್ 2020ರ ಜೂನಿನಲ್ಲೇ ಟ್ರಾನ್ಸ್ ಮಹಿಳೆಯರು ಮಹಿಳೆಯರೇ ಎಂದು ಬರೆದರು. ಈ ಕಥೆಗಳಲ್ಲಿ ನಿಮಗೇನಾದರೂ ದಕ್ಕಿದ್ದರೆ ಅದು ನಿಮ್ಮ ಮತ್ತು ನೀವು ಓದಿದ ಪುಸ್ತಕದ ನಡುವಿನದು, ಅದನ್ನು ಯಾರೂ ಮುಟ್ಟಲಾರರು ಎಂದು ಓದುಗರಿಗೆ ಧೈರ್ಯ ಹೇಳಿದರು. ಎರಡು ದೊಡ್ಡ ಅಭಿಮಾನಿ ತಾಣಗಳು ಲೇಖಕಿಯ ಚಿತ್ರ ಹಾಕುವುದನ್ನು ಬಿಟ್ಟವು. ಪೊರಕೆ ಕಾಲಸಂದಿಗೆ ಸಿಕ್ಕಿಸಿಕೊಂಡು ಕಥೆಯಲ್ಲಿ ಬರುವ ಕ್ವಿಡಿಚ್ ಆಟವನ್ನು ನೆಲದ ಮೇಲೆ ಆಡುತ್ತಿದ್ದ ಅಮೆರಿಕದ ಸಂಘಗಳು 2022ರಲ್ಲಿ ಆಟದ ಹೆಸರನ್ನೇ 'ಕ್ವಾಡ್‌ಬಾಲ್' ಎಂದು ಬದಲಿಸಿದವು. ಆ ಆಟದಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಮೊದಲಿನಿಂದಲೂ ಜಾಗವಿತ್ತು, ಹಾಗಾಗಿ ಹೆಸರು ಅವರಿಗೆ ಚುಚ್ಚುತ್ತಿತ್ತು.

ಬಹಿಷ್ಕಾರ ಗೆದ್ದಿತೇ ಎಂದು ಕೇಳಿದರೆ, ಇಲ್ಲ. 2023ರಲ್ಲಿ ಬಂದ 'ಹಾಗ್‌ವರ್ಟ್ಸ್ ಲೆಗಸಿ' ಎಂಬ ವಿಡಿಯೋ ಗೇಮನ್ನು ಕೊಳ್ಳಬೇಡಿ ಎಂದು ಟ್ರಾನ್ಸ್ ಜನ ಗೋಗರೆದರು. ಅದು ಒಂದೇ ವರ್ಷದಲ್ಲಿ 2 ಕೋಟಿ 20 ಲಕ್ಷ ಪ್ರತಿ ಮಾರಾಟವಾಯಿತು. ನನ್ನ ಸೋದರಿಯ ಮಗಳು ಒಂದು ಪುಸ್ತಕಕ್ಕೆ ಕೊಡುವ ಆರುನೂರು ರೂಪಾಯಿ ಹೋದರೆಷ್ಟು, ಉಳಿದರೆಷ್ಟು? ರೌಲಿಂಗ್‌ಗೆ ಲೆಕ್ಕಕ್ಕಿಲ್ಲ. ಆದರೆ ಅದೇ ಮನೆಯಲ್ಲಿ ಅದೇ ಹಾಲಿನಲ್ಲಿ ಕೂರುವ ಗೆಳತಿಗೆ ಲೆಕ್ಕಕ್ಕಿದೆ. ನನ್ನ ನಿಲುವು ಇಷ್ಟೇ: ಓದುವುದು ಒಂದು ಕೆಲಸ, ಕೊಳ್ಳುವುದು ಇನ್ನೊಂದು. ಓದಿದ್ದನ್ನು ಮನಸ್ಸಿನಿಂದ ಕಿತ್ತುಹಾಕಬೇಕೆಂದು ಯಾರಿಗೂ ಹೇಳಲಾರೆ. ಹೊಸ ಪ್ರತಿ, ಹೊಸ ಸಿನಿಮಾ ಟಿಕೆಟ್ಟು, ಹೊಸ ಟಿವಿ ಸರಣಿ ಬೇರೆ ಮಾತು, ಅಲ್ಲಿ ಗೌರವಧನ ಹರಿಯುತ್ತದೆ. ಹಳೆಯ ಪುಸ್ತಕದ ಅಂಗಡಿಯಿಂದ ಲೇಖಕರಿಗೆ ಏನೂ ಹೋಗುವುದಿಲ್ಲ. ಬ್ರಿಟನ್ನಿನಲ್ಲಿ ಗ್ರಂಥಾಲಯದಿಂದ ಎರವಲು ಪಡೆದರೂ ಲೇಖಕರಿಗೆ ಚಿಲ್ಲರೆ ಸಲ್ಲುವ ವ್ಯವಸ್ಥೆಯಿದೆ, ನಮ್ಮಲ್ಲಿ ಅದಿಲ್ಲ. ಹಣ ಹೋಗುವ ದಾರಿ ತಿಳಿದುಕೊಳ್ಳುವುದಕ್ಕೆ ಸೌಂದರ್ಯಮೀಮಾಂಸೆ ಬೇಕಾಗಿಲ್ಲ.

ಒಂದು ಪಕ್ಕದ ಮಾತು. ಇಂಥ ವಿಷಯ ಬಂದ ಕೂಡಲೆ ನಾವು ಕನ್ನಡದವರು ಜೇಬಿನಿಂದ ಒಂದು ವಚನ ತೆಗೆಯುತ್ತೇವೆ, ಆತ್ಮಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲ ಎಂದು ನಮ್ಮವರು ಆಗಲೇ ಹೇಳಿದ್ದರು ಎಂದು ಬೀಗುತ್ತೇವೆ. ಸಭೆ ಮುಗಿಸಿ ಹೋಗುವಾಗ ಸಿಗ್ನಲ್ಲಿನಲ್ಲಿ ಒಬ್ಬರು ಬಂದು ಚಪ್ಪಾಳೆ ತಟ್ಟಿದರೆ ಕಾರಿನ ಗಾಜು ಏರಿಸುತ್ತೇವೆ. ನಾನೂ ಏರಿಸಿದ್ದೇನೆ. ಅದಕ್ಕೇ ಇವತ್ತು ಆ ವಚನವನ್ನು ಹೇಳಲಿಲ್ಲ.

ಇನ್ನು ರಟ್ಟಿನ ಪೆಟ್ಟಿಗೆಯ ಕಥೆ. ವಾರ ಬಿಟ್ಟು ಹುಡುಗಿ ಮತ್ತೆ ಫೋನು ಮಾಡಿದಳು. ಅಳುಕುತ್ತಲೇ ಗೆಳತಿಯನ್ನು ಕೇಳಿದಳಂತೆ, ಈ ಪುಸ್ತಕಗಳು ಹಾಲಿನಲ್ಲಿದ್ದರೆ ನಿನಗೆ ಕಷ್ಟವೇ ಎಂದು. ಗೆಳತಿ ಏನೂ ಹೇಳದೆ ತನ್ನ ಟ್ರಂಕು ತೆರೆದಳಂತೆ. ಅವಳದೂ ಒಂದು ಸೆಟ್ಟು! ಮೂಲೆ ಸವೆದು, ಮೊದಲ ಸಂಪುಟದ ಬೆನ್ನಿಗೆ ಅಂಟುಪಟ್ಟಿ ಹಚ್ಚಿ, ಒಳಪುಟದಲ್ಲಿ ಹಳೆಯ ಹೆಸರನ್ನು ಹೊಡೆದುಹಾಕಿ ಹೊಸ ಹೆಸರು ಬರೆದ ಸೆಟ್ಟು. ಹಾಗಾಗಿ ಈಗ ಆ ಕಪಾಟಿನಲ್ಲಿ ಹದಿಮೂರು ಸಂಪುಟಗಳಿವೆ. ಹದಿನಾಲ್ಕು ಇರಬೇಕಿತ್ತು. ಅವಳ ನಾಲ್ಕನೆಯದನ್ನು ಹಾಸ್ಟೆಲಿನಲ್ಲಿ ಯಾರೋ ಒಯ್ದವರು ಹಿಂದಿರುಗಿಸಲಿಲ್ಲವಂತೆ. ಹೊಸದು ಕೊಳ್ಳುವುದಿಲ್ಲ ಎಂದು ಇಬ್ಬರೂ ತೀರ್ಮಾನಿಸಿದ್ದಾರೆ. ಶನಿವಾರ ಬಂತೆಂದರೆ ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಅದೇ ರಕ್ಷಾಪುಟದ ಪ್ರತಿಯನ್ನು ಹುಡುಕುತ್ತಿದ್ದಾರೆ.