ಕೃಷಿ ಪದವೀಧರರ ಮೊದಲ ನೌಕರಿ: ಮನೆಯವರು ಮಾಡಬಹುದಾದ ಸಹಾಯ

ಪಾಲಕರೇ, ಅಂತಿಮ ವರ್ಷದ ವಿದ್ಯಾರ್ಥಿಗಳೇ,

ಕೃಷಿ ಪದವಿ ಮುಗಿಸಿ ಮನೆಗೆ ಬಂದ ಮಗನಿಗೋ ಮಗಳಿಗೋ ನೌಕರಿ ಸಿಗಬೇಕಾದರೆ ನಾವೇನು ಮಾಡಬೇಕು ಎಂಬ ಪ್ರಶ್ನೆಯನ್ನು ಕಲಬುರಗಿಯ ಹಲವು ಮನೆಗಳಲ್ಲಿ ನನಗೆ ಕೇಳಿದ್ದಾರೆ. ಕೇಳುವವರ ಮನಸ್ಸಿನಲ್ಲಿ ಬಹುತೇಕ ಒಂದೇ ದಾರಿ ಇರುತ್ತದೆ: ಯಾರಾದರೂ ಸಾಹೇಬರಿಗೆ ಒಂದು ಮಾತು ಹೇಳಿಸಬೇಕು. ನಾಲ್ಕು ವರ್ಷ ಓದಿದವರಿಗೆ ತಾವು ಕಲಿತದ್ದೇನು ಎಂಬುದನ್ನು ಬಾಯಿಬಿಟ್ಟು ಹೇಳಲು ಬಾರದಿರುವುದೇ ಮೊದಲ ತೊಡಕು, ಆ ತೊಡಕನ್ನು ಬಿಡಿಸಲು ಸಾಹೇಬರು ಬೇಕಾಗಿಲ್ಲ, ಮನೆಯಲ್ಲಿ ಒಂದು ಸಂಜೆ ಕುಳಿತರೆ ಸಾಕು ಎಂಬುದು ನನ್ನ ಅನುಭವ.

ನನ್ನ ಅಕ್ಕನ ಮಗನ ಉದಾಹರಣೆಯನ್ನೇ ಹೇಳುತ್ತೇನೆ. ಪದವಿ ಮುಗಿದ ಐದು ತಿಂಗಳಲ್ಲಿ ಆತ ಹದಿನೇಳು ಕಡೆ ಬಯೋಡೇಟಾ ಕಳಿಸಿದ್ದ. ಒಂದು ಕಡೆಯಿಂದಲೂ ಕರೆ ಬಂದಿರಲಿಲ್ಲ. ತರಿಸಿ ನೋಡಿದೆ. ಎರಡು ಪುಟ. ತಂದೆಯ ಹೆಸರು, ಅಂಕಗಳು, ಕ್ರಿಕೆಟ್ ಹವ್ಯಾಸ, ಕಷ್ಟಪಟ್ಟು ದುಡಿಯುವ ಸ್ವಭಾವ. ಇದನ್ನು ಓದಿದವರಿಗೆ ಹುಡುಗ ಕೃಷಿ ಓದಿದ್ದಾನೋ ಕಾಮರ್ಸ್ ಓದಿದ್ದಾನೋ ತಿಳಿಯುವಂತಿರಲಿಲ್ಲ. ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆಂದು, ಅಂದರೆ ಹುಡುಗರು ‘ರಾವೆ’ ಎಂದು ಕರೆಯುವ ಆ ಅವಧಿಯಲ್ಲಿ, ಹಳ್ಳಿಯಲ್ಲಿದ್ದಾಗ ಬರೆದ ದಿನಚರಿ ಎಲ್ಲಿ ಎಂದು ಕೇಳಿದೆ. ಅಟ್ಟದ ಮೇಲಿನ ಟ್ರಂಕಿನಿಂದ ಅದು ಇಳಿಯಿತು.

ಅದರ ಒಂದು ಪುಟದಲ್ಲಿ ಹೀಗಿತ್ತು. ಒಬ್ಬ ರೈತರ ತೊಗರಿ ಹೊಲದಲ್ಲಿ ಗಿಡಗಳು ಅಲ್ಲಲ್ಲಿ ಗುಂಪು ಗುಂಪಾಗಿ ಒಣಗುತ್ತಿದ್ದವು. ತೇವ ಸಾಲದೆ ಹೀಗಾಗಿದೆ ಎಂದು ಮನೆಯವರು, ಹುಳದ ಕಾಟ ಎಂದು ಗೊಬ್ಬರದ ಅಂಗಡಿಯವರು. ಅಂಗಡಿಯವರ ಮಾತು ಕೇಳಿ ರೈತರು ಎರಡು ಸಲ ಎಣ್ಣೆ, ಅಂದರೆ ಕೀಟನಾಶಕ, ಹೊಡೆದಿದ್ದರು. ಈತ ಒಣಗುತ್ತಿದ್ದ ಒಂದು ಗಿಡವನ್ನು ಬೇರುಸಹಿತ ಕಿತ್ತು, ಬುಡದ ಕಾಂಡವನ್ನು ಕುಡುಗೋಲಿನಿಂದ ಉದ್ದಕ್ಕೆ ಸೀಳಿದಾಗ ಒಳಗೆ ಕಂದುಗಪ್ಪು ಗೆರೆಗಳು ಕಂಡವು. ಅದು ನೆಟೆ ರೋಗ, ಅದರ ಶಿಲೀಂಧ್ರ ಮಣ್ಣಿನಲ್ಲೇ ಉಳಿಯುವುದರಿಂದ ಮೇಲಿನಿಂದ ಹೊಡೆದ ಎಣ್ಣೆ ಅದನ್ನು ಮುಟ್ಟುವುದಿಲ್ಲ, ಮುಂದಿನ ಸಲ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾದಿಂದ (ರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರ) ಬೀಜೋಪಚಾರ ಮಾಡಬೇಕು, ರೋಗ ತಡೆಯುವ ತಳಿ ಹಾಕಬೇಕು, ಅದೇ ಹೊಲದಲ್ಲಿ ತೊಗರಿಯ ನಂತರ ತೊಗರಿಯನ್ನೇ ಬಿತ್ತದೆ ಜೋಳಕ್ಕೆ ಬದಲಿಸಬೇಕು ಎಂದು ಅರ್ಧ ಪುಟ ಬರೆದಿದ್ದ. ಕಂಪನಿಯವರು ಸಂಬಳ ಕೊಡುವುದು ಈ ಅರ್ಧ ಪುಟಕ್ಕೆ. ಬಯೋಡೇಟಾದಲ್ಲಿ ಅದರ ಒಂದು ಸಾಲೂ ಇರಲಿಲ್ಲ.

ಅಂದು ರಾತ್ರಿ ಕ್ರಿಕೆಟ್ ತೆಗೆದು ನೆಟೆ ರೋಗ ಸೇರಿಸಿದೆವು. ಮುಂದೆ ಒಂದು ಬೀಜದ ಕಂಪನಿಯ ಸಂದರ್ಶನದಲ್ಲಿ, ಗಿಡ ನೀರಿಲ್ಲದೆ ಒಣಗಿತೋ ರೋಗದಿಂದ ಒಣಗಿತೋ ಎಂದು ಹೇಗೆ ಗುರುತಿಸುತ್ತೀರಿ ಎಂದು ಕೇಳಿದಾಗ ಈತ, “ಒಂದು ಗಿಡ, ಒಂದು ಕುಡುಗೋಲು ಕೊಡ್ರಿ ಸರ್, ಸೀಳಿ ತೋರಿಸ್ತೀನಿ” ಎಂದನಂತೆ. ಕೆಲಸ ಸಿಕ್ಕಿತು.

ಇನ್ನು ನೌಕರಿಗಳು ಎಲ್ಲೆಲ್ಲಿವೆ ಎಂಬ ವಿಚಾರ. ಕೃಷಿ ಅಧಿಕಾರಿ, ಸಹಾಯಕ ಕೃಷಿ ಅಧಿಕಾರಿ ಹುದ್ದೆಗಳಿಗೆ ಲೋಕಸೇವಾ ಆಯೋಗ 2024ರಲ್ಲಿ ಅರ್ಜಿ ಕರೆದಾಗ ಒಟ್ಟು 945 ಹುದ್ದೆಗಳಿದ್ದವು. ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ಮೀಸಲಾತಿ ಇದೆ, ಆದರೆ ಉಪವಿಭಾಗಾಧಿಕಾರಿಗಳು ಕೊಡುವ ಪ್ರಮಾಣಪತ್ರ ಕೈಯಲ್ಲಿಲ್ಲದೆ ಕೊನೆಯ ದಿನ ಕಚೇರಿಯಿಂದ ಕಚೇರಿಗೆ ಓಡಿದವರನ್ನು ನಾನು ನೋಡಿದ್ದೇನೆ. ಅರ್ಜಿ ಕರೆಯುವ ಮೊದಲೇ ಅದನ್ನು ಮಾಡಿಸಿಡುವುದು ಮನೆಯವರ ಕೆಲಸ. ಬ್ಯಾಂಕ್ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್ ಸಂಸ್ಥೆಯ ಮೂಲಕ ಬ್ಯಾಂಕುಗಳಲ್ಲಿ ಕೃಷಿ ಕ್ಷೇತ್ರಾಧಿಕಾರಿ ಹುದ್ದೆಗಳೂ ಇವೆ. ಪರೀಕ್ಷೆಗೆ ಓದಲಿ, ನನ್ನ ತಕರಾರಿಲ್ಲ; ಆದರೆ ಅರ್ಜಿ ಕರೆದ ದಿನದಿಂದ ಆದೇಶ ಕೈಗೆ ಬರುವವರೆಗಿನ ಕಾಲವನ್ನು ಬರೀ ಗೈಡುಗಳ ನಡುವೆ ಕಳೆದ ಪದವೀಧರ ಹೊಲವನ್ನು ಮರೆಯುತ್ತಾನೆ, ಎರಡು ವರ್ಷ ಕಳೆದ ಮೇಲೆ ಖಾಸಗಿಯವರು ಮೊದಲು ಕೇಳುವುದೂ ಇಷ್ಟು ದಿನ ಏನು ಮಾಡಿದಿರಿ ಎಂದೇ.

ಖಾಸಗಿಯಲ್ಲಿ ಬೀಜ, ಗೊಬ್ಬರ, ಕೀಟನಾಶಕದ ಕಂಪನಿಗಳಿವೆ. ಬೀದರಿನಲ್ಲಿ, ಆಳಂದ ಅಫಜಲಪುರದ ಕಡೆ ಸಕ್ಕರೆ ಕಾರ್ಖಾನೆಗಳ ಕಬ್ಬು ವಿಭಾಗಗಳಿವೆ. ರೈತ ಉತ್ಪಾದಕ ಸಂಸ್ಥೆಗಳಿಗೆ ಮುಖ್ಯ ಕಾರ್ಯನಿರ್ವಾಹಕರು ಬೇಕು. ಬೆಳೆ ವಿಮೆಗಾಗಿ ಇಳುವರಿ ಅಳೆಯುವ ಕಟಾವು ಪ್ರಯೋಗದ ಹಂಗಾಮಿನಲ್ಲಿ ತಾತ್ಕಾಲಿಕ ಕೆಲಸ ಸಿಗುತ್ತದೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ, ಆದ್ದರಿಂದ ಕಾಳಿನ ಗುಣಮಟ್ಟ ಬಲ್ಲವರು ದಾಲ್‌ಮಿಲ್ಲುಗಳಲ್ಲೂ ಕೆಲಸ ವಿಚಾರಿಸಬಹುದು. ಮುಂಗಾರು ಬಿತ್ತನೆ ಶುರುವಾದ ಮೇಲೆ ವಿಚಾರಿಸಿದರೆ ತಡವಾಯಿತೆಂದೇ ಲೆಕ್ಕ. ಯುಗಾದಿಯ ಹೊತ್ತಿಗೇ ಹೋಗಬೇಕು. ಇವುಗಳಲ್ಲಿ ಬಹುತೇಕ ಕೆಲಸಗಳು ಬೈಕ್ ಮೇಲೆ ತಿರುಗುವಂಥವು. ಚಿಂಚೋಳಿ, ಸೇಡಂ ಗಡಿಯಲ್ಲಿ ತೆಲುಗು, ಆಳಂದದ ಕಡೆ ಮರಾಠಿ ಬಂದರೆ ಅದನ್ನೂ ಬಯೋಡೇಟಾದಲ್ಲಿ ಬರೆಯಬೇಕು. ನಮ್ಮ ಮಕ್ಕಳು ಅದನ್ನು ವಿದ್ಯೆ ಎಂದು ಎಣಿಸುವುದೇ ಇಲ್ಲ. ಹೆಣ್ಣುಮಕ್ಕಳ ತಂದೆತಾಯಿಗಳಿಗೆ ಒಂದು ಮಾತು: ಮಗಳಿಗೆ ಸ್ಕೂಟಿ ಕಲಿಸಿ ಲೈಸೆನ್ಸ್ ಮಾಡಿಸಿರಿ. ಇದನ್ನು ಮಾಡದೆ “ಅಕಿಗಿ ಆಫೀಸಿನ ಕೆಲಸನ ಬೇಕ್ರಿ” ಎಂದರೆ ಅವಳ ಮುಂದಿನ ಅರ್ಧಕ್ಕಿಂತ ಹೆಚ್ಚು ಬಾಗಿಲುಗಳನ್ನು ನಾವೇ ಮುಚ್ಚಿದಂತೆ.

ಸ್ವಂತ ಅಂಗಡಿಯ ಆಸೆ ಕೆಲವರಿಗಿದೆ. ಕೃಷಿ ಪದವೀಧರರು ಸ್ವಂತ ಉದ್ಯಮ ತೆರೆಯಲು ಕೇಂದ್ರ ಸರ್ಕಾರ ನೆರವಾಗುವ ಕೃಷಿ ಕ್ಲಿನಿಕ್ ಯೋಜನೆ 2002ರಿಂದ ನಡೆದಿದೆ. 45 ದಿನಗಳ ತರಬೇತಿ, ಒಬ್ಬರಿಗೆ 20 ಲಕ್ಷ ರೂಪಾಯಿವರೆಗಿನ ಯೋಜನೆಗೆ ಬ್ಯಾಂಕ್ ಸಾಲ, ಅದರ ಮೇಲೆ ಶೇ 36ರಷ್ಟು ಸಹಾಯಧನ, ಮಹಿಳೆಯರಿಗೂ ಪರಿಶಿಷ್ಟರಿಗೂ ಶೇ 44. ಯೋಜನೆ ಒಳ್ಳೆಯದೇ. ಆದರೂ ಉದ್ರಿ ಕೊಟ್ಟು ರಾಶಿಯ ನಂತರ ವಸೂಲಿ ಮಾಡುವ ಈ ವ್ಯಾಪಾರಕ್ಕೆ, ಬೇರೆಯವರ ಅಂಗಡಿಯಲ್ಲಿ ಎರಡು ಹಂಗಾಮು ದುಡಿಯದೆ ಕೈಹಾಕಬಾರದೆಂದು ನಾನು ಹೇಳುತ್ತೇನೆ. ಕೀಟನಾಶಕದ ಲೈಸೆನ್ಸಿಗೆ ಕೃಷಿ ಪದವಿಗೆ ಬೆಲೆ ಇರುವುದರಿಂದ, ಹೆಸರಿಗಷ್ಟೇ ನಿಮ್ಮ ಸರ್ಟಿಫಿಕೇಟ್ ಕೊಡಿ, ತಿಂಗಳಿಗಿಷ್ಟು ಕೊಡುತ್ತೇವೆ ಎಂದು ಕೇಳುವವರೂ ಬರಬಹುದು. ಕೊಡಬಾರದು, ಕಳಪೆ ಮಾಲು ಸಿಕ್ಕಿಬಿದ್ದ ದಿನ ಕಾಗದದ ಮೇಲಿರುವುದು ನಿಮ್ಮ ಮಗನ ಹೆಸರು. ಮೂಲ ಅಂಕಪಟ್ಟಿಗಳನ್ನೂ ಯಾರ ಬಳಿಯೂ ಬಿಡಬಾರದು. ನನ್ನ ಮೊದಲ ನೌಕರಿಯಲ್ಲಿ ಹಾಗೆ ಬಿಟ್ಟು, ಕೆಲಸ ಬಿಟ್ಟ ಮೇಲೆ ಅವನ್ನು ಮರಳಿ ಪಡೆಯಲು ನಾನು ಎಂಟು ತಿಂಗಳು ಅಲೆದೆ.

ರಾವೆ ದಿನಚರಿ ತನ್ನಿರೆಂದು ಮೊದಲೇ ತಿಳಿಸಿದ್ದೆ. ತಂದವರು ಮುಂದಿನ ಸಾಲಿಗೆ ಬರಬೇಕು. ನಿಮ್ಮ ಮನೆಯವರೂ ಪಕ್ಕದಲ್ಲೇ ಕುಳಿತಿರಲಿ. ಒಬ್ಬೊಬ್ಬರದಾಗಿ ಓದೋಣ.